ಬಿ ಬೆಲೆ

ನ್ಯಾಮತಿಯ ಕಿರಾಣಿ ಅಂಗಡಿ ನಾಗೇಂದ್ರಪ್ಪ ತಂಗಿ ಸರ್ವಮಂಗಳಳಿಗೆ ಗಣಿತದ ಟ್ಯೂಷನ್ ಇಡಿಸಿದ್ದು ಒಂದೇ ಷರತ್ತಿನ ಮೇಲೆ. ಪಾಠ ಗಟ್ಟಿಯಾಗಿ ನಡೆಯಬೇಕು. ಮುಂದೆ ಅಂಗಡಿ, ಹಿಂದೆ ನಡುಮನೆ, ಮಧ್ಯೆ ಒಂದು ಪರದೆ.

"ದನಿ ನಿಂತ್ರೆ ಒಳಗೆ ಬರ್ತೀನಿ ಮೇಷ್ಟ್ರೇ. ಬರಿಗೈಲಿ ಬರಾದಿಲ್ಲ."

ಮೇಷ್ಟ್ರು ಓಬಣ್ಣ ಸೊಕ್ಕೆ ಎಂಬ ಊರಿನವನು. ಸಾವಿರದೊಂಬೈನೂರ ಎಂಬತ್ತೊಂದರಲ್ಲಿ ಬಿಎಸ್ಸಿ ಮುಗಿಸಿ ನ್ಯಾಮತಿಗೆ ಬಂದವನು. ಜಾತಿ ಬೇರೆ, ಆ ಮನೆಯಲ್ಲಿ ಅವನ ಚಹಾ ಲೋಟವೂ ಬೇರೆ. ಆ ಲೋಟ ಕಂಡಾಗೆಲ್ಲ ಮಂಗಳಳಿಗೆ ಅದನ್ನೇ ಅಣ್ಣನ ಹಣೆಗೆ ಎಸೆಯಬೇಕೆನಿಸುತ್ತಿತ್ತು. ಪಿಯುಸಿ ಗಣಿತದಲ್ಲಿ ಫೇಲಾದ ಹುಡುಗಿ, ಸಿಟ್ಟಿನಲ್ಲಿ ಮಾತ್ರ ಫಸ್ಟ್ ಕ್ಲಾಸ್.

"ಸೈನ್ ಎಕ್ಸ್ ಅನ್ನ ಟಿ ಅಂತ ಇಟ್ಕೊಳ್ರಿ. ಕಾಸ್ ಎಕ್ಸ್ ಡಿಎಕ್ಸ್ ಏನಾಗ್ತೈತೆ?"

"ಡಿಟಿ!" ಎಂದು ಕಿರುಚಿದಳು. ಪರದೆಯಾಚೆ ಕೇಳಬೇಕಲ್ಲ!

ಅವನು ತುಟಿ ಕಚ್ಚಿ ನಗು ತಡೆದ. "ಕೆಳಗೆ ಟಿ ಪ್ಲಸ್ ಒಂದು, ಇಂಟು ಟಿ ಪ್ಲಸ್ ಎರಡು. ಬಿಡಿಸಿ ಎರಡು ಭಿನ್ನರಾಶಿ ಮಾಡಾಕೆ ಬರ್ತೈತಾ?"

"ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ. ಎ ಅಂದ್ರೆ ಒಂದು."

"ಬಿ?"

ಇಬ್ಬರೂ ಸ್ಲೇಟಿನ ಮೇಲೆ ಬಾಗಿದರು. ಅವನ ಕಿವಿಯ ಪಕ್ಕ ಸೀಮೆಸುಣ್ಣದ ಪುಡಿ ಅಂಟಿತ್ತು. ಅವಳು ಅದನ್ನೇ ನೋಡಿದಳು. ಅವನು ಕಣ್ಣೆತ್ತಿದ. ಮಾತು ನಿಂತುಹೋಯಿತು.

ಪರದೆ ಹರಿಯಿತು. ನಾಗೇಂದ್ರಪ್ಪನ ಕೈಯಲ್ಲಿ ಬಾಗಿಲ ಅಗುಳಿ. ಮೊದಲ ಏಟಿಗೆ ಸ್ಲೇಟು ಚೂರಾಯಿತು, ಎರಡನೆಯದಕ್ಕೆ ಓಬಣ್ಣನ ಬಲಗೈ ಮುರಿಯಿತು. ಬಿದ್ದವನ ಪಕ್ಕೆಗೆ ಒದ್ದ. ಬಾಯಿಂದ ರಕ್ತ ಬಂತು.

"ಬಿ ಹುಡುಕ್ತಿದ್ವಿ ಅಣ್ಣಾ! ಲೆಕ್ಕ ಹಾಕುವಾಗ ಯಾರ ಬಾಯಿ ಆಡ್ತೈತೆ?" ಮಂಗಳ ಅಣ್ಣನ ಮುಂಗೈ ಕಚ್ಚಿದಳು. ಅವನು ಅವಳನ್ನು ಗೋಡೆಗೆ ನೂಕಿದ.

ಅಗುಳಿ ಓಬಣ್ಣನ ನೆತ್ತಿಯ ಮೇಲೆ ಬಂದು ನಿಂತಿತು. "ಬರೀ ಲೆಕ್ಕನೇನು? ಹೂಂ ಅನ್ನು, ಜೀವ ಉಳಿಸ್ಕೊಂಡು ಹೋಗು. ಮತ್ತೆ ಈ ಕಡೆ ಸುಳೀಬ್ಯಾಡ. ಇಲ್ಲ ಅಂದ್ರೆ ಇಲ್ಲೇ ಮುಗಿಸ್ತೀನಿ."

ಹೂಂ ಅನ್ನು, ಹೂಂ ಅನ್ನು ಎಂದು ಮಂಗಳ ಕಣ್ಣಿನಲ್ಲೇ ಬೇಡಿದಳು.

ಓಬಣ್ಣ ರಕ್ತ ಉಗಿದ. "ಬಿ ಮೈನಸ್ ಒಂದು. ನಂಗದು ಆಗ್ಲೇ ಸಿಕ್ಕಿತ್ತು ನಾಗೇಂದ್ರಪ್ಪನೋರೆ. ಹೇಳಿದ್ರೆ ಲೆಕ್ಕ ಮುಗಿದೋಗ್ತಿತ್ತು. ನಿಮ್ಮ ತಂಗಿನ ನೋಡ್ಕಂತ ಕುಂತಿದ್ದೆ."

ಪ್ರಾಣ ಹೋಗುವ ಹೊತ್ತಿನಲ್ಲಿ ನಿಜ ಹೇಳುವ ಹುಚ್ಚನ ಮೇಲೆ ಮಂಗಳಳಿಗೆ ಪ್ರೀತಿ ಉಕ್ಕಿಬಂತು. ನಾಗೇಂದ್ರಪ್ಪ ಅಗುಳಿ ಬೀಸಿದ. ಅವಳು ಅವನ ಮೇಲೆ ಬಿದ್ದಳು. ಏಟು ಅವಳ ಎಡಭುಜವನ್ನು ಸೀಳಿತು.

ಅವಳು ತಲೆ ಎತ್ತಿ ಅಣ್ಣನನ್ನೇ ನೋಡಿದಳು. "ನಂಗೂ ಸಿಕ್ಕಿತ್ತಣ್ಣ. ನಾನೂ ಸುಮ್ನೆ ಕುಂತಿದ್ದೆ. ಇನ್ನೊಂದು ಹೊಡಿ. ಸತ್ರೆ ಇಬ್ರೂ ಸಾಯ್ತೀವಿ, ಉಳಿದ್ರೆ ಇಬ್ರೂ ಹೋಗ್ತೀವಿ."

ತಾನೇ ಎತ್ತಿ ಬೆಳೆಸಿದ ತಂಗಿಯ ರಕ್ತ ಅಗುಳಿಯ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾಗೇಂದ್ರಪ್ಪ ಅದನ್ನು ನೋಡಿದ. ಕೈ ಮೇಲೇಳಲಿಲ್ಲ.

ಮಂಗಳ ಓಬಣ್ಣನನ್ನು ಎಬ್ಬಿಸಿ ಅಂಗಡಿಯ ಮೂಲಕ ಹೊರಗೆ ನಡೆಸಿದಳು; ಬೆಲ್ಲ ಕೊಳ್ಳಲು ಬಂದವರು ದಾರಿ ಬಿಟ್ಟರು. ಹೊನ್ನಾಳಿ ಬಸ್ಸಿನಲ್ಲಿ ಅವನು ಅವಳ ಬಲಭುಜಕ್ಕೆ ಒರಗಿದ.

"ಭಾಳ ನೋಯ್ತೈತೇನ್ರೀ?"

"ರೀ ಗೀ ಎಲ್ಲ ಬಿಡು," ಎಂದಳು ಮಂಗಳ. "ಈಗ ಮೆಲ್ಲಗೆ ಮಾತಾಡಿದ್ರೂ ನಡೀತೈತೆ."