ಮೂಟೆ ಹೊತ್ತವನು ಯಾರು?

ಮಲಿನಾ ಬಂದು ಬಾಗಿಲು ತಟ್ಟಿದಾಗ ವೆಲಿಕಾ ಸರಂದೇವಾ ಅಡುಗೆಮನೆಯಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ರೊದೋಪಿ ಬೆಟ್ಟದ ಆ ಊರಿನಲ್ಲಿ ಯಾವ ಮೆಟ್ಟಿಲು ಹತ್ತಿದರೂ ಅದೇ ಘಮ. ಎದುರುಮನೆಯ ತೊದೋರ್ ಡಾಕ್ಟರು ಮೇಜಿಗೆ ಒರಗಿ ಕೂತು ಸಿಪ್ಪೆ ಬಿಡಿಸುತ್ತ, ಬೆರಳು ಚುರ್ ಎಂದಾಗಲೆಲ್ಲ ಗೊಣಗುತ್ತಿದ್ದರು. ಅವರು ಡಾಕ್ಟರಾಗಿದ್ದದ್ದು ದನಕರುಗಳಿಗೆ, ಈಗ ನಿವೃತ್ತರು. ವೆಲಿಕಾ ಜಿಲ್ಲಾ ನ್ಯಾಯಾಲಯದ ತನಿಖಾಧಿಕಾರಿಯಾಗಿದ್ದವರು. ಅವರೂ ನಿವೃತ್ತರೇ, ಆದರೆ ಊರಿನವರು ಅದನ್ನು ಒಪ್ಪಿರಲಿಲ್ಲ. ಪೊಲೀಸ್ ಠಾಣೆ ಕೆಳಗೇ ಇದ್ದರೂ ಜನ ಏದುಸಿರು ಬಿಡುತ್ತ ಮೂರನೇ ಮಹಡಿಗೇ ಹತ್ತಿ ಬರುತ್ತಿದ್ದರು.

ಮಲಿನಾ ಕೋಟನ್ನೂ ಬಿಚ್ಚಲಿಲ್ಲ, ಕೂರಲೂ ಇಲ್ಲ.

"ವೆಲಿಕಾ ಅಕ್ಕ, ನನಗೆ ಯಾರ ಕನಿಕರಾನೂ ಬೇಡ. ನನ್ನ ಗಂಡನ ವೇಷ ಹಾಕ್ಕೊಂಡು ನಡೆದೋನು ಯಾರು ಅಂತ ಗೊತ್ತಾಗ್ಬೇಕು. ಅಷ್ಟೆ."

ಅವಳ ಗಂಡ ರುಮೆನ್‌ನನ್ನು ಅರಿಯದವರು ಊರಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಅವನು ಕೆಲಸ ಮಾಡುತ್ತಿದ್ದ ಸಾಮಿಲ್ಲಿನ ಅಂಗಳದಲ್ಲಿ ಮರದ ದಿಮ್ಮಿಗಳ ರಾಶಿ ಜಾರಿ ಅವನ ಸೊಂಟ, ಮಂಡಿ ಎರಡನ್ನೂ ಪುಡಿಮಾಡಿತ್ತು. ಎರಡು ಊರುಗೋಲಿಲ್ಲದೆ ಅವನಿಗೆ ಒಂದು ಹೆಜ್ಜೆ ಇಡಲಾಗುತ್ತಿರಲಿಲ್ಲ. ವೈದ್ಯರ ಮಂಡಳಿ ಪರೀಕ್ಷೆ ಮಾಡಿ ಅಂಗವಿಕಲರ ಪಿಂಚಣಿ ಕೊಟ್ಟಿತ್ತು. ಈ ತಿಂಗಳು ಅದೇ ಮಂಡಳಿ ಅದನ್ನು ರದ್ದು ಮಾಡಿತು. ಕಾರಣ, ಯಾರೋ ಹೆಸರು ಹೇಳದೆ ಕಳಿಸಿದ ಒಂದು ವಿಡಿಯೊ. ಅದರಲ್ಲಿ ರುಮೆನ್ ಭರ್ತಿ ಮೂಟೆ ಹೊತ್ತು ತನ್ನ ಮನೆಯೊಳಕ್ಕೆ ಸಲೀಸಾಗಿ ನಡೆದುಹೋಗುತ್ತಾನಂತೆ.

"ಅಪಘಾತ ಆದ್ಮೇಲೆ ತೆಗೆದಿದ್ದು ಅಂತ ಏನು ಗ್ಯಾರಂಟಿ?" ಎಂದರು ಡಾಕ್ಟರು.

"ಅದರಲ್ಲಿರೋ ಜಾಕೀಟು ನಾನೇ ಈ ಬೇಸಿಗೇಲಿ ಕೊಂಡಿದ್ದು ಡಾಕ್ಟ್ರೇ. ಅಲ್ಲೇ ಸಿಕ್ಕಾಕೊಂಡಿರೋದು ನಾವು." ಮಲಿನಾ ಫೋನನ್ನು ಮೇಜಿನ ಮೇಲಿಟ್ಟಳು. "ಮೇಲ್ಮನವಿ ಹಾಕಿದ್ದಕ್ಕೆ ಇದರ ಪ್ರತಿ ಕೊಟ್ರು. ಮೊದಲ ಸಲ ಬರೀ ಅಪಘಾತ ಅಂತ ಬರೆದಿದ್ರು. ಈ ಸಲದ ಮರುಪರೀಕ್ಷೇಲಿ ಮಂಡಳಿಯೋರು ಇದು ಕೆಲಸದ ಜಾಗದಲ್ಲೇ ಆದ ಊನ ಅಂತ ಬರೆಯೋರಿದ್ರು. ಬರೆದಿದ್ರೆ ಮಿಲ್ಲಿನ ಮೇಲೆ ತನಿಖೆ ಆಗ್ತಿತ್ತು. ಆವತ್ತು ದಿಮ್ಮಿಗೆ ಸರಪಳಿ ಬಿಗಿಯೋ ಪಾಳಿ ಯಾರದ್ದಿತ್ತು ಅಂತ ಇಲ್ಲೀವರೆಗೂ ಒಬ್ರೂ ಬಾಯಿ ಬಿಟ್ಟಿಲ್ಲ."

ವೆಲಿಕಾ ಕೈ ಒರೆಸಿಕೊಂಡು ಬಂದು ಕೂತರು. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಬೀದಿ, ಕಲ್ಲಿನ ಕಾಂಪೌಂಡು, ಮರದ ಗೇಟು. ಗೇಟಿಗೆ ಕಟ್ಟಿದ ಕಪ್ಪು ರಿಬ್ಬನ್ನು ಗಾಳಿಗೆ ಆಡುತ್ತಿತ್ತು. ಚೌಕಳಿ ಜಾಕೀಟು, ಕಿವಿಮುಚ್ಚುವ ಟೋಪಿ ತೊಟ್ಟವನೊಬ್ಬ ಬೆನ್ನು ತೋರಿಸಿಕೊಂಡು ಬಂದ. ಎಡಹೆಗಲ ಮೇಲೆ ಬಿಳಿ ಮೂಟೆ. ಗೇಟಿನ ಕೊಂಡಿ ಎತ್ತಿ, ತನ್ನತ್ತ ಎಳೆದು, ಮತ್ತೆ ತಳ್ಳಿ, ಮೇಲಿನ ತೊಲೆಯ ಕೆಳಗೆ ತಲೆ ತಗ್ಗಿಸಿ ಒಳಹೋದ. ಅವನು ಮರೆಯಾದ ಮೇಲೂ ಚಿತ್ರ ಸ್ವಲ್ಪ ಹೊತ್ತು ಖಾಲಿ ಗೇಟನ್ನೇ ತೋರಿಸಿ ನಿಂತಿತು.

"ಎತ್ತಿನ ಹಾಗಿದೆ ನಡಿಗೆ. ಎರಡೂ ಕಾಲು ಗಟ್ಟಿ," ಎಂದರು ಡಾಕ್ಟರು.

ವೆಲಿಕಾ ಇನ್ನೊಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. "ನಾಳೆ ನಿಮ್ಮ ಮನೆಗೆ ಬರ್ತೀವಿ ಮಲಿನಾ. ಡಾಕ್ಟ್ರೇ, ಮೆಣಸಿನಕಾಯಿ ಸೀದುಹೋಗ್ತಿದೆ!"

ಮರುದಿನ ರುಮೆನ್‌ನ ಬೀದಿಗೆ ಕಾಲಿಟ್ಟೊಡನೆ ಪಕ್ಕದ ಮನೆಯ ಬೊಯಾನ್ ಎದುರಾದ. ಕಂಬದ ಹಾಗೆ ಎತ್ತರದ ಆಸಾಮಿ. ರುಮೆನ್‌ನ ಅಕ್ರೋಟು ಮರ ತನ್ನ ಹೆಂಚು ಒಡೆಯಿತೆಂದು ಜಗಳ ತೆಗೆದವನು. ಅಪಘಾತಕ್ಕೂ ಮುಂಚಿನಿಂದಲೇ ಆ ಮನೆಯ ಹೊಸಿಲು ತುಳಿದವನಲ್ಲ. 'ಇವನು ಯಾರೂ ಇಲ್ಲದಾಗ ಆಡಿನ ಹಾಗೆ ಜಿಗೀತಾನೆ' ಎಂದು ಅವನು ಹೋಟೆಲಿನಲ್ಲಿ ಆಡಿದ್ದ ಮಾತು ಊರೆಲ್ಲ ಸುತ್ತಿತ್ತು.

"ನನ್ನ ಮೇಲೇ ಅನುಮಾನ ಅಲ್ವಾ?" ಎಂದ ಬೊಯಾನ್. "ಆಡಿದ್ದು ಹೌದು. ಕುಡಿದಿದ್ದೆ. ಆದ್ರೆ ಕದ್ದುಮುಚ್ಚಿ ಮಾಡೋ ಕೆಲಸ ನನ್ನ ಜಾಯಮಾನದಲ್ಲಿಲ್ಲ ತಾಯಿ. ಬಯ್ಯೋದಿದ್ರೆ ಎದುರಿಗೇ ಬಯ್ತೀನಿ."

"ರುಮೆನ್ ಅಮ್ಮನ ವರ್ಷಾಬ್ದಿಗೆ ಮಾತ್ರ ಸ್ಮಶಾನಕ್ಕೆ ಬಂದಿದ್ಯಲ್ಲಪ್ಪ," ಎಂದರು ಡಾಕ್ಟರು.

"ಜಗಳ ಬದುಕಿರೋರ ಜೊತೆ ಡಾಕ್ಟ್ರೇ, ಸತ್ತೋರ ಜೊತೆ ಅಲ್ಲ."

ಅದು ನಿಜ. ಡಾಕ್ಟರೂ ಅಲ್ಲಿದ್ದರು. ಬೊಯಾನ್ ಬೀದಿಯಿಂದಲೇ ಎಲ್ಲರೊಂದಿಗೆ ನಡೆದು ಬಂದಿದ್ದ. ಸಮಾಧಿಯ ಹತ್ತಿರ ರುಮೆನ್‌ನ ಊರುಗೋಲು ಕೆಸರಿನಲ್ಲಿ ಜಾರಿದಾಗ ತೋಳು ಹಿಡಿದು ನಿಲ್ಲಿಸಿದವನೂ ಅವನೇ.

ಡಾಕ್ಟರು ಮುಂದೆ ಹೋಗಿ ಗೇಟು ತಳ್ಳಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಹೆಗಲು ಕೊಟ್ಟು ನೂಕಿದರು. ಒಳಗಿನಿಂದ ನಗು ಕೇಳಿಸಿತು.

"ಕೊಂಡಿ ಎತ್ತಿ ನಿಮ್ಮ ಕಡೆ ಎಳ್ಕೊಳ್ಳಿ ಡಾಕ್ಟ್ರೇ, ಆಮೇಲೆ ತಳ್ಳಿ! ಕಳೆದ ಚಳಿಗಾಲದಲ್ಲಿ ಮರ ಊದ್ಕೊಂಡಿದೆ. ಮನೆಯೋರು ಬಿಟ್ರೆ ಬೇರೆಯೋರಿಗೆ ಅದು ಬಗ್ಗಲ್ಲ."

ರುಮೆನ್ ಊರುಗೋಲುಗಳ ಮೇಲೆ ತೂಗುತ್ತ ಬಂದ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಮನುಷ್ಯ. ಮುಖ ಮಾತ್ರ ಸೊರಗಿತ್ತು. ಮಲಿನಾ ಕಾಫಿ ಸುರಿದಳು.

"ನನ್ನ ಕತೆ ಕೇಳಿ," ಎಂದ ರುಮೆನ್. "ಮಂಡಳಿಯೋರು, ನಿನ್ನ ಕಾಲು ಗಟ್ಟಿಯಾಗಿದೆ, ಪಿಂಚಣಿ ಇಲ್ಲ ಅಂದ್ರು. ಸರಿ, ಹಾಗಾದ್ರೆ ನಿರುದ್ಯೋಗ ಭತ್ಯೆನಾದ್ರೂ ಕೊಡಿ ಅಂತ ಉದ್ಯೋಗ ಕಚೇರಿಗೆ ಹೋದೆ. ಈ ಕಾಲಿಟ್ಕೊಂಡು ನೀನು ಯಾವ ಕೆಲಸಕ್ಕೆ ಆಗ್ತೀಯ, ಮಂಡಳಿಗೇ ಹೋಗಪ್ಪ ಅಂದ್ರು. ಮಿಲ್ಲಿನೋರು ಬೇರೆ ನಾನೇ ಕೆಲಸ ಬಿಟ್ಟೆ ಅಂತ ಬರೆದುಕೊಟ್ಟಿದ್ದಾರೆ. ಒಂದು ಕಚೇರೀಲಿ ನಾನು ಪೈಲ್ವಾನ, ಇನ್ನೊಂದ್ರಲ್ಲಿ ಹೆಳವ. ಎರಡರ ನಡುವಿನ ರಸ್ತೇಲಿ ನಾನು ಏನು ಅಂತ ನಂಗೇ ಗೊತ್ತಾಗಲ್ಲ."

"ಸಾಕು ಬಿಡಿ," ಎಂದು ಮಲಿನಾ ಗದರಿದಳು. "ಆ ರಸ್ತೇಲಿ ನಾನೂ ಜೊತೆಗಿದ್ದೀನಿ. ಚಪ್ಪಲಿ ಸವೆದ್ರೆ ಹೊಸದು ಕೊಳ್ಳೋಣ."

ವೆಲಿಕಾ ಕೇಳಿದರು, "ಗೇಟಿಗೆ ಕಟ್ಟಿದ್ದ ರಿಬ್ಬನ್ನು ಈಗ ಕಾಣಲ್ವಲ್ಲ?"

"ಅತ್ತೆ ತೀರಿಕೊಂಡಾಗ ಕಟ್ಟಿದ್ದು ಮಾರ್ಚ್ ಗಾಳಿಗೆ ಹಾರಿಹೋಯ್ತು," ಎಂದಳು ಮಲಿನಾ. " ವರ್ಷ ತುಂಬೋ ದಿನಕ್ಕಾದ್ರೂ ಒಂದು ಕಟ್ಟಮ್ಮ ಅಂತ ಪಾದ್ರಿಗಳು ಬೈದ್ರು. ಆವತ್ತು ಬೆಳಿಗ್ಗೆ ಸ್ಮಶಾನಕ್ಕೆ ಹೊರಡೋವಾಗ ಹೊಸದು ಕಟ್ಟಿದೆ. ಮನೆಗೆ ಬಂದವಳೇ ಬಿಚ್ಚಿಟ್ಟೆ. ಶೋಕ ಮುಗೀತಲ್ಲ."

"ಆವತ್ತು ಈ ಜಾಕೀಟು?"

"ಇವರು ಕಪ್ಪು ಕೋಟು ಹಾಕ್ಕೊಂಡಿದ್ರು. ಜಾಕೀಟು, ಟೋಪಿ ಗಾಜಿನ ಜಗುಲೀಲಿ ತೂಗುಹಾಕಿತ್ತು. ಜಗುಲಿಗೆ ಬೀಗ ಹಾಕಿದ್ದೆ. ಒಂದು ಬೀಗದ ಕೈ ನನ್ನ ಹತ್ರ, ಇನ್ನೊಂದು ಸೌದೆ ತಂದುಹಾಕೋಕೆ ಅಂತ ನನ್ನ ತಮ್ಮನ ಹತ್ರ."

ತಮ್ಮನ ಮಾತು ಎತ್ತುತ್ತಿದ್ದಂತೆ ಹೊರಗೆ ಕಾರಿನ ಸದ್ದಾಯಿತು. ಮಲಿನಾಳ ತಮ್ಮ ಆಸೆನ್ ಗೇಟು ತೆಗೆದು, ತಲೆ ತಗ್ಗಿಸಿ ಒಳಬಂದ. ಅದೇ ಸಾಮಿಲ್ಲಿನ ಅಂಗಳದಲ್ಲಿ ಕೆಲಸ. ಭಾವನನ್ನು ಆಸ್ಪತ್ರೆಗೆ, ಕಚೇರಿಗೆ ಕರೆದೊಯ್ಯುವುದು, ಹಿಟ್ಟು, ಸೌದೆ ತಂದು ಹಾಕುವುದು ಎಲ್ಲವೂ ಅವನೇ. ಡಾಕ್ಟರಿಗೆ ಈ ಹುಡುಗನ ಮೇಲೆ ಅಕ್ಕರೆ. ವರ್ಷಾಬ್ದಿಯ ದಿನ ಸ್ಮಶಾನದಲ್ಲಿ ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿ ಹಂಚುವಾಗ, ವೈನ್ ತರಲು ಹೋಗಿದ್ದೆನೆಂದು ಓಡೋಡಿ ಬಂದವನು ಮೊದಲು ಇವರಿಗೇ ಬಟ್ಟಲು ತುಂಬಿಕೊಟ್ಟಿದ್ದ.

"ಇನ್ನೂ ಇದೇ ಕತೆನಾ ಅಕ್ಕ?" ಎಂದ ಆಸೆನ್. "ಬಿಟ್ಹಾಕು. ಆಫೀಸಿನೋರ ಜೊತೆ ಗುದ್ದಾಡಿ ಯಾರು ಗೆದ್ದಿದ್ದಾರೆ? ನಾನು ದುಡೀತೀನಿ, ನಿಮ್ಮನ್ನ ಸಾಕ್ತೀನಿ."

"ನೀನು ಸಾಕೋದು ಬೇಡ ಕಣೋ. ಇವರದ್ದು ಇವರಿಗೆ ಬರ್ಬೇಕು," ಎಂದಳು ಮಲಿನಾ.

ಜಗುಲಿಯ ಮೆಟ್ಟಿಲಿಳಿಯುವಾಗ ಡಾಕ್ಟರು ಪಿಸುಗುಟ್ಟಿದರು. "ಮಿಲ್ಲಿನ ಮ್ಯಾನೇಜರ್ ಕಲೋಯಾನ್ ಗಾನೆವ್ ಮಾಡ್ಸಿದ್ದು. ತನಿಖೆ ಬಂದ್ರೆ ಮುಳುಗೋನು ಅವನೇ."

"ಮಾಡ್ಸಿದ್ದು ಅಂತೀರಿ. ಮಾಡಿದ್ದು ಯಾರು?" ಎಂದರು ವೆಲಿಕಾ. ಅವರ ಮುಖ ಬಿಗಿದುಕೊಂಡಿತ್ತು. "ಭಾನುವಾರ ಎಲ್ಲರನ್ನೂ ರುಮೆನ್ ಅಡುಗೆಮನೆಗೇ ಕರೆಯೋಣ. ಇದನ್ನ ಬೀದೀಲಿ ಹೇಳೋಕಾಗಲ್ಲ."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ರುಮೆನ್‌ನ ಅಡುಗೆಮನೆ ತುಂಬಿತು. ಬೊಯಾನ್ ಬಾಗಿಲ ಹತ್ತಿರವೇ ನಿಂತ. ಗಿಡ್ಡಗೆ ಡುಮ್ಮಗಿದ್ದ ಮ್ಯಾನೇಜರ್ ಕಲೋಯಾನ್ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಆಸೆನ್ ಅಕ್ಕನ ಪಕ್ಕ ಕೂತಿದ್ದ.

"ನನಗೆ ಬೇರೆ ಕೆಲಸ ಇದೆ," ಎಂದ ಕಲೋಯಾನ್. "ವಿಡಿಯೊ ಕಣ್ಣಿಗೆ ಕಾಣಲ್ವಾ? ನಡೀತಿರೋನು ಇವನೇ."

"ಅಲ್ಲ," ಎಂದರು ವೆಲಿಕಾ. "ಬೇಸಿಗೇಲಿ ಜಾಕೀಟು ಕೊಂಡಮೇಲೆ ಆ ಗೇಟಿನ ಮೇಲೆ ಕಪ್ಪು ರಿಬ್ಬನ್ನು ಇದ್ದಿದ್ದು ಒಂದೇ ಒಂದು ಬೆಳಿಗ್ಗೆ, ವರ್ಷಾಬ್ದಿ ದಿನ. ಹಳೇದು ಮಾರ್ಚಲ್ಲೇ ಹಾರಿಹೋಗಿತ್ತು. ಹೊಸದನ್ನ ಸ್ಮಶಾನದಿಂದ ಬಂದಕೂಡ್ಲೇ ಬಿಚ್ಚಿದ್ರು. ಅಂದ್ರೆ ಈ ವಿಡಿಯೊ ತೆಗೆದಾಗ ರುಮೆನ್ ಸ್ಮಶಾನದಲ್ಲಿದ್ದ, ಪಾದ್ರಿಗಳ ಎದುರಿಗೆ, ಇಡೀ ಬೀದಿಯೋರ ನಡುವೆ."

ರುಮೆನ್ ದೊಡ್ಡದಾಗಿ ಉಸಿರು ಬಿಟ್ಟ. ಮಲಿನಾ ಅವನ ಕೈ ಹಿಡಿದುಕೊಂಡಳು.

"ಇನ್ನು ಮೂಟೆ ಹೊತ್ತೋನು. ತೊಲೆಗೆ ತಾಗಬಾರ್ದು ಅಂತ ತಲೆ ತಗ್ಗಿಸ್ತಾನೆ. ರುಮೆನ್ ತಗ್ಗಿಸ್ಬೇಕಾಗಿಲ್ಲ. ಗಾನೆವ್, ನೀವಂತೂ ಕುರ್ಚಿ ಮೇಲೆ ನಿಂತ್ರೂ ತಗ್ಗಿಸ್ಬೇಕಾಗಿಲ್ಲ."

ಬೊಯಾನ್ ಕಿಸಕ್ಕನೆ ನಕ್ಕ. ತಕ್ಷಣವೇ ಅವನ ನಗು ಹಾರಿಹೋಯಿತು. "ಎತ್ತರದೋನು ಅಂದ್ರೆ... ನಾನಲ್ಲಮ್ಮ!"

"ನೀನಲ್ಲ. ಬೀದಿಯಿಂದ ಹೊರಟಾಗಿನಿಂದ ನೀನು ಸ್ಮಶಾನಕ್ಕೆ ಹೋದೋರ ನಡುವೇನೇ ಇದ್ದೆ. ಸಾಲದ್ದಕ್ಕೆ ಊದ್ಕೊಂಡ ಆ ಗೇಟನ್ನ ನೀನು ಒಂದ್ಸಲಾನೂ ತೆಗೆದಿಲ್ಲ. ನಮ್ಮ ಡಾಕ್ಟ್ರು ಹೆಗಲು ಕೊಟ್ರೂ ಅದು ಮಿಸುಕಲಿಲ್ಲ. ವಿಡಿಯೊದೋನು ಎತ್ತಿ, ಎಳ್ದು, ತಳ್ಳಿ ಹೋಗ್ತಾನೆ. ಯೋಚನೆ ಕೂಡ ಮಾಡಲ್ಲ. ಅದು ದಿನಾ ಬಂದುಹೋಗೋರ ಕೈ."

ಡಾಕ್ಟರಿಗೆ ಆಗ ಅರ್ಥವಾಯಿತು. ಅವರು ಆಸೆನ್ ಕಡೆ ನೋಡಲಾರದೆ ಕಾಫಿಯ ಲೋಟವನ್ನೇ ನೋಡುತ್ತ ಕೂತರು.

"ಹಾಗಾದ್ರೆ ವಿಡಿಯೊ ಹಿಡಿದೋರು ಯಾರು?" ಎಂದು ಕಷ್ಟಪಟ್ಟು ಕೇಳಿದರು.

"ಯಾರೂ ಹಿಡಿದಿಲ್ಲ. ಕದ್ದು ಹಿಡಿಯೋನ ಕೈ ಸ್ವಲ್ಪನಾದ್ರೂ ಅಲುಗತ್ತೆ, ನಡೆಯೋನ ಹಿಂದೆ ತಿರುಗತ್ತೆ. ಇಲ್ಲಿ ಅವನು ಒಳಗೆ ಹೋದ್ಮೇಲೂ ಚಿತ್ರ ಖಾಲಿ ಗೇಟನ್ನೇ ನೋಡ್ತಾ ನಿಂತಿದೆ. ಎದುರಿನ ಗೋಡೆ ಮೇಲೆ ಫೋನಿಟ್ಟು ಹೋದೋನೂ ಅವನೇ, ವಾಪಸ್ ಬಂದು ತೆಗೆದುಕೊಂಡೋನೂ ಅವನೇ. ಜಗುಲಿ ಬೀಗ ಒಡೆದಿಲ್ಲ. ಎತ್ತರದೋನು, ಈ ಗೇಟು ಬಲ್ಲೋನು, ಬೀಗದ ಕೈ ಇರೋನು, ಮತ್ತೆ ಆವತ್ತು ಗೋಧಿ ಹಂಚೋವರೆಗೂ ಸ್ಮಶಾನಕ್ಕೆ ಬರದೇ ಇದ್ದೋನು." ವೆಲಿಕಾ ದನಿ ತಗ್ಗಿಸಿದರು. "ಆಸೆನ್, ಮುಂದಿನದನ್ನ ನೀನೇ ಹೇಳಿದ್ರೆ ಒಳ್ಳೇದು ಮಗಾ."

ಮಲಿನಾ ತಮ್ಮನ ಕಡೆ ತಿರುಗಿದಳು. "ಹೇಳೋ. ಸುಳ್ಳು ಅಂತ ಹೇಳು."

ಆಸೆನ್ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ಸರಪಳಿ ಬಿಗಿಯೋ ಪಾಳಿ ನಂದಿತ್ತು ಅಕ್ಕ. ಸಿಗರೇಟು ಸೇದಿ ಬಂದು ಬಿಗಿಯೋಣ ಅಂತ ಹೋದೆ. ಅಷ್ಟರಲ್ಲಿ... ಭಾವ ಅದರ ಕೆಳಗಿದ್ರು. ಮಂಡಳಿ ಹಾಗೆ ಬರೆದ್ರೆ ತನಿಖೆ ಆಗತ್ತೆ, ಜೈಲಿಗೆ ಹೋಗೋನು ನೀನೇ, ಏನಾದ್ರೂ ಮಾಡಿ ತಪ್ಪಿಸು ಅಂದ್ರು ಇವರು."

"ಸುಳ್ಳು! ನಾನು ಸಲಹೆ ಕೊಟ್ಟೆ ಅಷ್ಟೆ!" ಎಂದು ಎದ್ದ ಕಲೋಯಾನ್. ಬೊಯಾನ್ ಬಾಗಿಲಿಗೆ ಅಡ್ಡಲಾಗಿ ತೋಳು ಚಾಚಿದ. ಕಲೋಯಾನ್ ಮತ್ತೆ ಕೂತ.

"ಪಿಂಚಣಿ ಹೋದ್ರೆ ನಾನೇ ಸಾಕ್ತೀನಲ್ಲ ಅನ್ಕೊಂಡಿದ್ದೆ," ಎಂದ ಆಸೆನ್.

ರುಮೆನ್ ಊರುಗೋಲನ್ನು ಮೇಜಿಗೆ ಒರಗಿಸಿಟ್ಟ. "ದಿಮ್ಮಿ ಜಾರಿದ್ದನ್ನ ನಾನು ಆವತ್ತೇ ಕ್ಷಮಿಸಿಬಿಡ್ತಿದ್ದೆ ಕಣೋ," ಎಂದ. "ಯಾರ ಕೈಯಾದ್ರೂ ಒಮ್ಮೆ ಮರೆಯತ್ತೆ. ಆದ್ರೆ ಊರೆಲ್ಲ ನನ್ನ ಕಳ್ಳ ಅನ್ನೋವಾಗ ನನ್ನನ್ನ ಕಾರಲ್ಲಿ ಕೂರಿಸ್ಕೊಂಡು ಆಫೀಸಿಂದ ಆಫೀಸಿಗೆ ತಿರುಗಿಸ್ತಿದ್ಯಲ್ಲ, ಅದನ್ನ ಏನು ಮಾಡ್ಲಿ?"

ಮಲಿನಾ ಎದ್ದು ಮೇಜು ಒರೆಸಿದಳು. ಅಳಲಿಲ್ಲ. "ಮೇಲ್ಮನವಿ ವಿಚಾರಣೆ ಮಂಗಳವಾರ," ಎಂದಳು ತಮ್ಮನಿಗೆ. "ನೀನು ಬರ್ತೀಯ. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳ್ತೀಯ."

ಅವನು ಬಂದ, ಹೇಳಿದ. ಪಾದ್ರಿಗಳೂ ಬೊಯಾನನೂ ಸಾಕ್ಷಿ ನುಡಿದರು. ಬೊಯಾನ್ ಹೋಟೆಲಿನಲ್ಲಿ ತಾನಾಡಿದ ಮಾತನ್ನು ಯಾರೂ ಕೇಳದಿದ್ದರೂ ತಾನಾಗಿ ವಾಪಸು ಪಡೆದ. ಮಂಡಳಿಯ ಅಧ್ಯಕ್ಷೆ ರುಮೆನ್‌ಗೆ ಒಂದಿಷ್ಟು ನಡೆದು ತೋರಿಸಲು ಹೇಳಿದರು. ಕಿಟಕಿಯಿಂದ ಬಾಗಿಲಿನತ್ತ ಅರ್ಧ ಹೋಗುವಷ್ಟರಲ್ಲಿ ಅವನ ಹಣೆ ಬೆವರಿತು. "ಸಾಕು, ಕೂತ್ಕೊಳ್ಳಿ," ಎಂದರು ಆಕೆ. "ಇಲ್ಲ ಮೇಡಂ, ಪೂರ್ತಿ ನಡೀತೀನಿ, ಪೂರ್ತಿ ನೋಡಿ," ಎಂದ ರುಮೆನ್. ಬಾಗಿಲು ಮುಟ್ಟಿದ ಮೇಲೆಯೇ ಕೂತ. ಮಂಡಳಿ ರದ್ದತಿಯನ್ನು ಹಿಂದೆಗೆದುಕೊಂಡು, ಊನ ಕೆಲಸದ ಜಾಗದಲ್ಲೇ ಆದದ್ದೆಂದು ಬರೆಯಿತು. ಸಾಮಿಲ್ಲಿನ ಮೇಲೆ ತನಿಖೆ ಶುರುವಾಗುವುದೆಂದೂ, ಆಸೆನ್ ಮತ್ತು ಕಲೋಯಾನ್ ಇಬ್ಬರೂ ಅದರಲ್ಲಿ ಉತ್ತರ ಕೊಡಬೇಕಾಗುವುದೆಂದೂ ಎಲ್ಲರಿಗೂ ಗೊತ್ತಿತ್ತು.

ಹೊರಗೆ ಆಸೆನ್ ಕಾರಿನ ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದ. ಭಾನುವಾರದ ನಂತರ ಅಕ್ಕ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕುತ್ತಿದ್ದ ಡಾಕ್ಟರು, ವೆಲಿಕಾ ಇಬ್ಬರೂ ತಿರುಗಿ ನೋಡಿದರು. ಮಲಿನಾ ಗಂಡನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಊರುಗೋಲು ಒಳಗಿಟ್ಟು, ತಾನು ಮುಂದಿನ ಬಾಗಿಲು ತೆಗೆದು ಕೂತಳು.

"ಮನೆಗಾ ಅಕ್ಕ?" ಎಂದ ಆಸೆನ್ ಮೆಲ್ಲಗೆ.

"ಉದ್ಯೋಗ ಕಚೇರಿಗೆ. ಇವರೇ ಕೆಲಸ ಬಿಟ್ರು ಅಂತ ಅಲ್ಲಿ ಇನ್ನೂ ಹಾಗೇ ಇದೆ. ಅಲ್ಲೂ ಬಾಯಿಬಿಟ್ಟು ಹೇಳ್ಬೇಕು ನೀನು. ಹೊರಡು, ಮುಚ್ಚಿಬಿಟ್ಟಾರು."