ಬರೆಯಲಾಗದ ಕೈಯ ಸಹಿ

"ನಾನು ಹೀಗೆ ಬರೆದೇ ಇಲ್ಲ," ಎಂದಳು ಪಕ್ಕದ ಮನೆಯಾಕೆ. ಹೇಳಿ ಮೆಟ್ಟಿಲ ಮೇಲೇ ಕುಸಿದು ಕೂತಳು.

ಕಾಗದ ಸಹಾಯಧನ ಕಚೇರಿಯಿಂದ ಬಂದಿತ್ತು. ಮೂರೇ ಸಾಲು. 'ತಮ್ಮ ಆರೋಗ್ಯ ಸುಧಾರಿಸಿರುವುದಾಗಿ ತಾವೇ ಲಿಖಿತವಾಗಿ ತಿಳಿಸಿ, ಅರ್ಜಿಯನ್ನು ಹಿಂತೆಗೆದುಕೊಂಡಿರುವ ಕಾರಣ, ಕಡತವನ್ನು ಮುಚ್ಚಲಾಗಿದೆ.'

ಕರಡು ತಿದ್ದುವವಳು ಅದನ್ನು ಎರಡು ಸಲ ಓದಿದಳು. ಓದುವುದೇ ಅವಳ ಕೆಲಸ. ಹದಿನೇಳು ವರ್ಷದಿಂದ ಒಂದು ಅಚ್ಚುಕೂಟದಲ್ಲಿ ಕೂತು ಬೇರೆಯವರ ತಪ್ಪು ಹುಡುಕುತ್ತಿದ್ದಳು. ಮನೆಯಲ್ಲೂ ಅದೇ ಚಾಳಿ ಎಂದು ಗಂಡ ಗೊಣಗುತ್ತಿದ್ದ.

"ಅಕ್ಕಾ, ಯಾರಿಗಾದ್ರೂ ಸಹಿ ಹಾಕಿ ಕೊಟ್ಟಿದ್ಯಾ? ನೆನಪು ಮಾಡ್ಕೋ."

"ಯಾವ ಕೈಯಲ್ಲಿ ಹಾಕಲಿ?"

ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಒಳಕ್ಕೆ ಮುರುಟಿದ್ದವು. ಇಪ್ಪತ್ತೆರಡು ವರ್ಷ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕಲೆ ತೆಗೆದ ಕೈಗಳು. ಕಲೆ ತೆಗೆಯುವ ದ್ರಾವಣ ನರಗಳನ್ನೂ ತೆಗೆದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಅವಳಿಗೀಗ ಐವತ್ನಾಲ್ಕು. ನಿವೃತ್ತಿಗೆ ಇನ್ನೂ ಆರು ವರ್ಷ. ದುಡಿಯಲಾರಳು, ನಿವೃತ್ತಿ ವೇತನವೂ ಇಲ್ಲ. ನಡುವಿನ ಆರು ವರ್ಷಕ್ಕೆ ಇದ್ದದ್ದು ಆ ಒಂದೇ ಅರ್ಜಿ.

ಕರಡು ತಿದ್ದುವವಳಿಗೆ ಮೈ ಉರಿದುಹೋಯಿತು.

"ಏಳು. ಚಪ್ಪಲಿ ಹಾಕ್ಕೋ."

* * *

ಕಿಟಕಿಯ ಹಿಂದಿದ್ದ ಗುಮಾಸ್ತ ತಲೆ ಎತ್ತಲಿಲ್ಲ. "ಮುಚ್ಚಿದ ಕಡತ ತೋರಿಸೋ ಹಾಗಿಲ್ಲ."

"ಅವಳ ಹೆಸರಲ್ಲಿ ಬಂದ ಕಾಗದ ಅವಳಿಗೇ ತೋರಿಸಲ್ವಾ? ಮತ್ಯಾರಿಗೆ ತೋರಿಸ್ತೀರಿ, ನಿಮ್ಮ ಮಾವನಿಗಾ?"

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಯಾರೋ "ತೋರಿಸ್ರೀ!" ಎಂದು ಕೂಗಿದರು. ಗುಮಾಸ್ತ ಎದ್ದುಹೋಗಿ ಕಡತ ತಂದ. ಹಿಂತೆಗೆತದ ಪತ್ರದ ನಕಲು ಕೊಟ್ಟ.

ಟೈಪ್ ಮಾಡಿದ ಒಂದು ಪುಟ. ಕೆಳಗೆ ದುಂಡಗಿನ, ಚೆಂದದ ಸಹಿ.

"ನನ್ನದೇ," ಎಂದಳು ಪಕ್ಕದ ಮನೆಯಾಕೆ, ಹೆದರಿ. "ಕೈ ಸರಿಯಿದ್ದಾಗ ಹೀಗೇ ಹಾಕ್ತಿದ್ದೆ."

"ಈ ಹುಟ್ಟಿದ ವರ್ಷ?"

"ತಪ್ಪು. ಮೂರು ವರ್ಷ ಚಿಕ್ಕವಳನ್ನ ಮಾಡಿದಾರೆ."

ಕರಡು ತಿದ್ದುವವಳು ಪತ್ರವನ್ನು ಮೇಲಿಂದ ಕೆಳಗೆ ಅಕ್ಷರ ಅಕ್ಷರವಾಗಿ ಓದಿದಳು. ಒಂದು ಕಡೆ ಕಣ್ಣು ನಿಂತಿತು. ಮಡಚಿ ಚೀಲಕ್ಕೆ ಹಾಕಿಕೊಂಡಳು.

* * *

ಮೊದಲ ಅನುಮಾನ ಮೈದುನನ ಮೇಲೆ. ಎರಡು ಕೋಣೆಯ ಮನೆ ಮಾರಿಬಿಡು ಎಂದು ಅತ್ತಿಗೆಯ ಬೆನ್ನು ಬಿದ್ದವನು ಅವನೇ. ಅರ್ಜಿ ಬಿದ್ದುಹೋದರೆ ಮನೆ ಮಾರಲೇಬೇಕು.

ಅವನು ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚುತ್ತಿದ್ದ. ಪತ್ರ ನೋಡಿ ಸ್ಪ್ಯಾನರ್ ಕೆಳಗಿಟ್ಟ.

"ನಾನು ಬರೆದೆ ಅಂತೀರಾ?"

"ಕೇಳ್ತಾ ಇದೀನಿ."

"ಮನೆ ಮಾರು ಅಂದಿದ್ದು ನಿಜ. ಬಂದು ನಮ್ಮ ಜೊತೆ ಇರಲಿ ಅಂತ. ಒಬ್ಬಳೇ ಉಸಿರು ಕಟ್ಟಿ ಬಿದ್ದರೆ ನೋಡೋರ್ಯಾರು?" ಅವನ ದನಿ ಏರಿತು. "ಮತ್ತೆ ಈ ವರ್ಷ ಯಾವ ಪುಣ್ಯಾತ್ಮ ಹಾಕಿದ್ದು? ಅತ್ತಿಗೆ ನನಗಿಂತ ಮೂರು ತಿಂಗಳು ದೊಡ್ಡೋಳು. ಮದುವೆಯಾದ ದಿನದಿಂದ ಅದನ್ನೇ ಹೇಳಿ ನನ್ನನ್ನ ಆಳಿದಾಳೆ. ನಾನು ಅದನ್ನ ಮರೀತೀನಾ?"

ಕರಡು ತಿದ್ದುವವಳು ತಲೆ ತಗ್ಗಿಸಿದಳು. "ತಪ್ಪಾಯ್ತು."

"ಅವಳಿಗೂ ನನ್ನ ಮೇಲೇ ಅನುಮಾನವಾ?"

"ಇಲ್ಲ. ನನಗೆ ಮಾತ್ರ."

ಅವನು ಮತ್ತೆ ಸ್ಪ್ಯಾನರ್ ಎತ್ತಿಕೊಂಡ. ಅವಳ ಮುಖ ನೋಡಲಿಲ್ಲ.

* * *

ಎರಡನೆಯ ಅನುಮಾನ, ಕಚೇರಿಯ ಎದುರು ಮಡಚುವ ಮೇಜು ಹಾಕಿಕೊಂಡು ಅರ್ಜಿ ತುಂಬಿಕೊಡುವ ಮುದುಕನ ಮೇಲೆ. ಅವಳ ಅರ್ಜಿ ತುಂಬಿದವನು ಅವನೇ.

"ನಾನಾಗಿದ್ರೆ ಸಹಿ ಯಾಕೆ ಹಾಕ್ತಿದ್ದೆ?" ಎಂದ ಮುದುಕ. "ಇಲ್ಲೇ ಈ ಮಸಿ ಡಬ್ಬಿಗೆ ಅವರ ಹೆಬ್ಬೆರಳು ಅದ್ದಿಸಿದವನು ನಾನು. ಹುಟ್ಟಿದ ದಿನ ಪ್ರಮಾಣಪತ್ರ ನೋಡಿ ಬರೆದವನೂ ನಾನೇ."

"ಅರ್ಜಿಯಲ್ಲಿ ಏನೇನು ಕೇಳಿದ್ರಿ?"

"ಗಂಡನ ಪಿಂಚಣಿಯಲ್ಲಿ ಹೆಂಡತಿ ಪಾಲು. ನಿವೃತ್ತಿವರೆಗೆ ಅನಾರೋಗ್ಯ ಭತ್ಯೆ. ಮೂರನೇದು, ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ. ಮೊದಲೆರಡನ್ನ ಸರ್ಕಾರ ಕೊಡುತ್ತೆ. ಮೂರನೇದು ಕಾರ್ಖಾನೆ ಕೊಡಬೇಕು. ಅದನ್ನ ಕೇಳಿದ ತಕ್ಷಣ ಅವರಿಗೆ ನೋಟಿಸು ಹೋಗುತ್ತೆ. ತನಿಖೆಯವರು ಬಂದು ದ್ರಾವಣದ ಪೀಪಾಯಿ ಮುಚ್ಚಳ ತೆಗೆದು ನೋಡ್ತಾರೆ."

"ಎಲ್ಲ ಒಂದೇ ಅರ್ಜಿಯಲ್ಲಾ?"

"ಒಂದೇ. ಹಿಂತೆಗೆದ್ರೆ ಮೂರೂ ಹೋಯ್ತು."

ಅವಳು ಕಾರ್ಖಾನೆಯ ಬಸ್ಸು ಹಿಡಿದಳು. ಒಬ್ಬಳೇ.

* * *

ಕಾರ್ಮಿಕರ ಕ್ಷೇಮಾಧಿಕಾರಿಯ ಕೋಣೆಯಲ್ಲಿ ಸಾಬೂನಿನ ಘಮಘಮ. ಗೋಡೆಯ ಮೇಲೆ ನಗುವ ಕಾರ್ಮಿಕರ ಚಿತ್ರ. ಅವನೂ ನಗುತ್ತಲೇ ಎದ್ದ.

"ಪಕ್ಕದ ಮನೆಯವರಾ? ಅಯ್ಯೋ, ಕೂತ್ಕೊಳ್ಳಿ. ಹೇಗಿದಾರೆ ಪಾಪ? ಒಂದ್ಸಲ ಹೋಗಿ ನೋಡ್ಕೊಂಡು ಬರಬೇಕು ಅಂತಾನೇ ಇದೀನಿ. ಅವರು ರಜೆ ಹಾಕಿ ಹದಿನಾಲ್ಕು ತಿಂಗಳಾಯ್ತು. ಬಿಡುವೇ ಆಗ್ತಿಲ್ಲ ನೋಡಿ."

"ಪರವಾಗಿಲ್ಲ ಸಾರ್. ಬ್ಯಾಂಕಿಗೆ ಒಂದು ಸೇವಾ ಪ್ರಮಾಣಪತ್ರ ಬೇಕಂತೆ."

"ಅದಕ್ಕೇನು! ಈಗಲೇ ಮಾಡಿಕೊಡ್ತೀನಿ."

ಕಡತ ತೆರೆದ. ತಾನೇ ಟೈಪ್ ಮಾಡಿದ. ಅವಳ ಕಣ್ಣೆದುರೇ ಸಹಿ ಹಾಕಿದ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಗೇಟು ದಾಟಿದ ಮೇಲೆ ಅವಳು ಪ್ರಮಾಣಪತ್ರ ಓದಿದಳು. ಚೀಲದಿಂದ ಹಿಂತೆಗೆತದ ಪತ್ರದ ನಕಲು ತೆಗೆದು ಪಕ್ಕದಲ್ಲಿ ಹಿಡಿದಳು.

* * *

ಶುಕ್ರವಾರ ಕಚೇರಿಯ ಮುಖ್ಯಸ್ಥೆ ವಿಚಾರಣೆಗೆ ಕೂತಳು. ಸಹಿ ಸುಳ್ಳೆಂದು ದೂರು ಬಂದ ಮೇಲೆ ಕೂರಲೇಬೇಕಿತ್ತು. ಕ್ಷೇಮಾಧಿಕಾರಿಗೂ ಕರೆ ಹೋಗಿತ್ತು. ಪಕ್ಕದ ಮನೆಯಾಕೆ ಶಾಲಿನೊಳಗೆ ಕೈ ಇಟ್ಟುಕೊಂಡು ಗೋಡೆಬದಿ ಕೂತಿದ್ದಳು.

"ಸಹಿ ಅವರದೇ," ಎಂದ ಅವನು. "ನಮ್ಮ ಸಂಬಳದ ಪುಸ್ತಕದಲ್ಲೂ ಹೀಗೇ ಇದೆ. ಹೋಲಿಸಿ ನೋಡಿ. ಹಾಕಿ ಮರೆತಿರಬೇಕು, ಪಾಪ."

"ಅಕ್ಕಾ," ಎಂದಳು ಕರಡು ತಿದ್ದುವವಳು, "ಶಾಲು ತೆಗಿ."

ಶಾಲು ಜಾರಿತು. ಮುಖ್ಯಸ್ಥೆ ಪೆನ್ನು ಮುಂದೆ ನೀಡಿದಳು. ಅದು ಮುರುಟಿದ ಬೆರಳುಗಳ ಮೇಲೆ ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ. ಕ್ಷೇಮಾಧಿಕಾರಿಯ ನಗು ಅರ್ಧದಲ್ಲೇ ನಿಂತಿತು.

"ಒಂದು ವರ್ಷದಿಂದ ಇವಳದು ಹೆಬ್ಬೆಟ್ಟು. ಬ್ಯಾಂಕಿಗೆ ಗೊತ್ತು, ಆಸ್ಪತ್ರೆಗೆ ಗೊತ್ತು, ಮೈದುನನಿಗೆ ಗೊತ್ತು, ಅರ್ಜಿ ತುಂಬಿದವನಿಗೂ ಗೊತ್ತು. ಇವಳನ್ನ ಒಂದೇ ಒಂದು ಸಲ ನೋಡಿದ ಯಾರಿಗಾದ್ರೂ ಗೊತ್ತು. ಸಹಿ ಹಾಕಿದವನಿಗೆ ಮಾತ್ರ ಗೊತ್ತಿರಲಿಲ್ಲ. ಅವನ ಹತ್ತಿರ ಇದ್ದದ್ದು ಹಳೇ ಪುಸ್ತಕದ ಹಳೇ ಸಹಿ."

"ಇದು ಬರೀ ಊಹೆ..."

"ಹುಟ್ಟಿದ ವರ್ಷ ಊಹೆಯಲ್ಲ. ಕೆಲಸಕ್ಕೆ ಸೇರೋವಾಗ ನಿಮ್ಮಲ್ಲಿ ಯಾರೋ ತಪ್ಪು ಬರೆದ್ರು. ಆ ತಪ್ಪು ಇನ್ನೆಲ್ಲೂ ಇಲ್ಲ. ನಿಮ್ಮ ಕಡತದಲ್ಲಿದೆ, ನೀವು ಮೊನ್ನೆ ಕೊಟ್ಟ ಪ್ರಮಾಣಪತ್ರದಲ್ಲಿದೆ, ಈ ಪತ್ರದಲ್ಲಿದೆ."

"ಕಾರ್ಖಾನೆಯಲ್ಲಿ ಕಡತ ಯಾರು ಬೇಕಾದ್ರೂ ತೆಗೀಬಹುದು!"

"ಹೌದು. ಆದ್ರೆ ಎಲ್ಲರೂ 'ಆರೊಗ್ಯ' ಅಂತ ಬರೆಯಲ್ಲ." ಎರಡೂ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಳು. "ದೀರ್ಘ ಇಲ್ಲ. ಹಿಂತೆಗೆತದ ಪತ್ರದಲ್ಲಿ 'ಆರೊಗ್ಯ ಸುಧಾರಿಸಿದೆ'. ನನ್ನ ಕಣ್ಣೆದುರೇ ನೀವು ಬರೆದದ್ದು, 'ಆರೊಗ್ಯದ ಕಾರಣ ರಜೆ'. ಜನರ ಆರೋಗ್ಯ ನೋಡೋಕೆ ಸಂಬಳ ತಗೋತೀರಿ. ಆ ಪದ ಬರೆಯೋಕೂ ಬರಲ್ಲ ನಿಮಗೆ."

ಅವನು ಟೈ ಸಡಿಲಿಸಿದ. "ಮೇಲಿನವರು ಹೇಳಿದ್ರು. ತನಿಖೆ ಬಂದ್ರೆ ಇಡೀ ವಿಭಾಗ ಮುಚ್ಚುತ್ತೆ, ಎಂಬತ್ತು ಜನ ಬೀದಿಗೆ ಬೀಳ್ತಾರೆ ಅಂತ. ನಾನು ಅವರ ಒಳ್ಳೇದಕ್ಕೇ..."

"ಒಂದು ಸಲ ಬಂದು ನೋಡಿದ್ರೆ ಸಾಕಿತ್ತು," ಎಂದಳು ಪಕ್ಕದ ಮನೆಯಾಕೆ. ವಿಚಾರಣೆಯಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಬಂದಿದ್ರೆ ಹೆಬ್ಬೆಟ್ಟು ಒತ್ತಿರ್ತಿದ್ರಿ. ಸಿಕ್ಕಿಬೀಳ್ತಾನೂ ಇರಲಿಲ್ಲ."

ಮುಖ್ಯಸ್ಥೆ ಪೊಲೀಸರಿಗೆ ಫೋನ್ ಮಾಡಿದಳು. ಆಮೇಲೆ ಗುಮಾಸ್ತನನ್ನು ಕರೆದು, ಅದೇ ಕಾರ್ಖಾನೆಯ ಕೆಲಸಗಾರರ ಹೆಸರಲ್ಲಿ ಹಿಂತೆಗೆದ ಅರ್ಜಿಗಳನ್ನೆಲ್ಲ ತರಿಸಿದಳು. ಏಳು ಕಡತ. ಒಂದೊಂದನ್ನೂ ತೆರೆದಳು. ಏಳರಲ್ಲೂ 'ಆರೊಗ್ಯ'.

"ನಿಮ್ಮ ಅರ್ಜಿ ಇವತ್ತೇ ಮತ್ತೆ ತೆರೀತೀವಿ," ಎಂದಳು ಮುಖ್ಯಸ್ಥೆ ಕೊನೆಗೆ. "ಮೊದಲೆರಡು ಭತ್ಯೆ ಈ ತಿಂಗಳಿಂದ ಬರುತ್ತೆ. ಪರಿಹಾರ ತನಿಖೆ ಮುಗಿದ ಮೇಲೆ. ಉಳಿದವರಿಗೆ ನಾವೇ ಕಾಗದ ಬರೀತೀವಿ."

"ಕಾಗದ ಬೇಡ," ಎಂದಳು ಪಕ್ಕದ ಮನೆಯಾಕೆ. "ನಿಮ್ಮ ಕಾಗದ ಬಂದ್ರೆ ನಮಗೆ ಎದೆ ಒಡೆಯುತ್ತೆ. ಹೆಸರು ಓದಿ, ಸಾಕು. ಇಪ್ಪತ್ತೆರಡು ವರ್ಷ ಜೊತೆಗೆ ನಿಂತವರು. ಮನೆ ನನಗೆ ಗೊತ್ತು."

* * *

ಮೊದಲನೇ ಮನೆ ಮೂರನೇ ಮಹಡಿಯಲ್ಲಿತ್ತು. ಪಕ್ಕದ ಮನೆಯಾಕೆ ಪ್ರತಿ ತಿರುವಿನಲ್ಲೂ ನಿಂತು ಉಸಿರೆಳೆದುಕೊಂಡಳು. ಕೆಳಗೇ ಇರು, ನಾನು ಹೋಗಿ ಬರ್ತೀನಿ ಅಂತ ಕರಡು ತಿದ್ದುವವಳು ಹೇಳಿದರೂ ಕೇಳಲಿಲ್ಲ. ಬಾಗಿಲನ್ನು ಮೊಣಕೈಯಿಂದ ತಟ್ಟಿದಳು.

ಬಾಗಿಲು ತೆರೆದವಳು ಗೋಡೆ ಹಿಡಿದು ನಿಂತಿದ್ದಳು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

"ನೀನಾ! ಏನಾಯ್ತೇ?"

"ಸಹಾಯಧನದ ಅರ್ಜಿ ಹಾಕಿದ್ಯಲ್ಲ, ಅದನ್ನ ನೀನೇ ಹಿಂತೆಗೆದುಕೊಂಡ್ಯಾ?"

"ಹಿಂತೆಗೆಯೋದಾ? ನನಗೇನು ಹುಚ್ಚಾ? ಎರಡು ವರ್ಷದಿಂದ ಉತ್ತರಕ್ಕೆ ಕಾಯ್ತಾ ಇದೀನಿ. ಮನೆ ಬದಲಾಯಿಸಿದ ಮೇಲೆ ಒಂದು ಕಾಗದವೂ ಕೈಸೇರಿಲ್ಲ."

ಪಕ್ಕದ ಮನೆಯಾಕೆ ಹಿಂತಿರುಗಿ ಕರಡು ತಿದ್ದುವವಳನ್ನು ನೋಡಿದಳು. ಕಣ್ಣು ಕೆಂಡವಾಗಿತ್ತು.

"ಒಳಗೆ ಬಾ," ಎಂದಳು. "ಇವಳಿಗೆ ಮೊದಲಿಂದ ಎಲ್ಲ ಹೇಳು. ಒಂದಕ್ಷರ ಬಿಡಬೇಡ."