ಉಸಿರು ತಾಗುವಷ್ಟು ಹತ್ತಿರ

ಅವನು ನಕ್ಕ!

ಕೇಶ್ವಾಪುರದ ಬೇಕರಿ ಎದುರು ಆಟೋದೊಳಗೆ ಮುದುಡಿ ಕೂತಿದ್ದ ಯಶೋಧರೆಗೆ ಮೊದಲು ಕಂಡದ್ದೇ ಆ ನಗು. ಗಂಡ ಲೋಹಿತ ಹಲ್ಲು ಕಾಣುವಂತೆ, ಮನಸಾರೆ ನಗುತ್ತಿದ್ದ. ಅವನೆದುರು ಈಗಷ್ಟೇ ಕಾರಿನಿಂದ ಇಳಿದ ಒಬ್ಬ ಹೆಂಗಸು. ಅವಳ ಬಾಬ್ ಕಟ್ ಏನು, ಇಸ್ತ್ರಿ ಕೆಡದ ಸೀರೆ ಏನು! ಸಂಜೆ ಐದರ ಬಿಸಿಲಿನಲ್ಲೂ ಮುಖದ ಮೇಲೆ ಒಂದು ಹನಿ ಬೆವರಿಲ್ಲ.

ಇಲ್ಲಿ ಯಶೋಧರೆಯ ಕುಪ್ಪಸ ಬೆನ್ನಿಗೆ ಅಂಟಿತ್ತು.

'ನನ್ನ ಜೋಡಿ ಹಿಂಗ ನಕ್ಕು ಎಷ್ಟ ದಿನ ಆತು?'

"ಮೇಡಂ, ಇಲ್ಲೇ ಇಳೀತೀರೇನ್ರಿ? ಅರ್ಧ ತಾಸಾತು ನಿಂತು," ಎಂದ ಆಟೋದ ಗುಲಾಬಸಾಬ.

"ಸುಮ್ನಿರ್ರಿ ನೀವು!"

ಪಾಪ, ಅವನದೇನು ತಪ್ಪು? ಹೊಟ್ಟೆಯೊಳಗೆ ಕಿಚ್ಚು ಬಿದ್ದಾಗ ಎದುರಿಗೆ ಸಿಕ್ಕವರೆಲ್ಲ ಬೈಸಿಕೊಳ್ಳಲೇಬೇಕು.

ಇಬ್ಬರೂ ಬೇಕರಿ ಪಕ್ಕದ ಮೆಟ್ಟಿಲು ಹತ್ತಿ ಹೋದರು. ಒಟ್ಟಿಗೆ! ಅವಳ ಚೀಲವನ್ನು ಇವನೇ ಹಿಡಿದುಕೊಂಡಿದ್ದ!

ಯಶೋಧರೆಗೆ ನಲವತ್ತಾರು. ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಲೋಹಿತನಿಗೆ ಮುಗದದ ಹತ್ತಿರದ ಹವಾಮಾನ ಕೇಂದ್ರದಲ್ಲಿ ಕೆಲಸ. ದಿನಾ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ ಥರ್ಮಾಮೀಟರ್ ನೋಡಿ ಬರೆದುಕೊಳ್ಳಬೇಕು. ಇಪ್ಪತ್ತೆರಡು ವರ್ಷದ ಸಂಸಾರ, ದೊಡ್ಡ ಜಗಳವೆಂದು ಒಂದೂ ಇರಲಿಲ್ಲ.

ಆದರೆ ಈ ಯುಗಾದಿಯಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಎರಡು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಬಂದರೆ ಹತ್ತು ದಿನ ನಿಲ್ಲಲಿಲ್ಲ. ಪಾಠ ಮಾಡುತ್ತ ನಿಂತಾಗಲೇ ಎದೆಯಿಂದ ಕಿವಿಯವರೆಗೆ ಬಿಸಿ ಏರುತ್ತಿತ್ತು. ನಿದ್ದೆಯಿಲ್ಲ. ಸುಮ್ಮಸುಮ್ಮನೆ ಅಳು. ಒಮ್ಮೆ ಲೋಹಿತ ಭುಜದ ಮೇಲೆ ಕೈ ಇಟ್ಟಾಗ, "ದೂರ ಸರೀರಿ! ಮೈ ಮುಟ್ಟಬ್ಯಾಡ್ರಿ!" ಎಂದು ಚೀರಿಬಿಟ್ಟಿದ್ದಳು.

ಅವನು ತಲೆದಿಂಬು ತೆಗೆದುಕೊಂಡು ಹಾಲ್‌ನಲ್ಲಿ ಮಲಗಲು ಹೋದ. ಮೂರು ತಿಂಗಳಾಯಿತು, ಮರಳಿ ಬಂದಿರಲಿಲ್ಲ.

'ನಾ ಮುದುಕಿ ಆದ್ನಿ. ಅವರಿಗೆ ಸಾಕಾತು...'

ಹೋದ ವಾರ ಅವನ ಅಂಗಿ ಕಿಸೆಯಲ್ಲಿ ಚೀಟಿ ಸಿಕ್ಕಿತು. 'ಸುಲಭಾ. ಗುರುವಾರ 5 ಗಂಟೆ. ಕೇಶ್ವಾಪುರ, ಬೇಕರಿ ಮೇಲೆ.'

ಹೇಳಿ, ಯಾವ ಹೆಂಡತಿ ಸುಮ್ಮನೆ ಕೂತಾಳು?

ಅನುಮಾನ ನಿಜವಾದರೆ ಮನೆಗೆ ಹೋಗುವುದೇ ಬೇಡ, ನೇರ ಅಮರಗೋಳದ ಅಣ್ಣನ ಮನೆಗೆ! ಬ್ಯಾಗಿನಲ್ಲಿ ಎರಡು ಸೀರೆ ತುರುಕಿಕೊಂಡೇ ಬಂದಿದ್ದಳು.

ಆಟೋದಿಂದ ಇಳಿದು ದಡದಡ ಮೆಟ್ಟಿಲು ಹತ್ತಿದಳು. ಬಾಗಿಲ ಮೇಲೆ ಬೋರ್ಡು. 'ಸ್ತ್ರೀರೋಗ ಮತ್ತು ಪ್ರಸೂತಿ.'

ಪ್ರಸೂತಿ!

'ನನಗ ಮುಟ್ಟು ನಿಲ್ಲಾಕ ಬಂದೈತಿ... ಅಕಿ ಬಸುರಾಗ್ಯಾಳೇನು?'

ಅದರ ಮೇಲಿನ ಸಾಲಿನಲ್ಲಿ ಡಾಕ್ಟರ ಹೆಸರೂ ಇತ್ತು. ಓದುವಷ್ಟು ತಾಳ್ಮೆ ಯಾರಿಗಿತ್ತು? ಬಾಗಿಲು ದೂಡಿದಳು.

"ನಾನೂ ಒಳಗ ಬರಬಹುದೇನ್ರಿ?"

ಲೋಹಿತ ಗಾಬರಿಯಿಂದ ಎದ್ದು ನಿಂತ. ಪೆನ್ನು ನೆಲಕ್ಕೆ ಬಿತ್ತು. ಬಾಬ್ ಕಟ್ಟಿನ ಹೆಂಗಸು ಟೇಬಲ್ಲಿನ ಆಚೆ ಕೂತಿದ್ದಳು, ಕೊರಳಲ್ಲಿ ಸ್ಟೆತಸ್ಕೋಪು ಹಾಕಿಕೊಂಡು.

"ಯಶೋಧರಾ ಅವರಲ್ರಿ? ಬರ್ರಿ, ಕುಂದರ್ರಿ. ನಾನು ಡಾಕ್ಟರ್ ಸುಲಭಾ. ನಾಕು ಗುರುವಾರದಿಂದ ಪೇಷಂಟ್ ಕರಕೊಂಡ ಬರ್ರಿ ಅಂತ ಹೇಳ್ಲಿಕ್ಕತ್ತೇನಿ, ಇವರೊಬ್ಬರ ಬರ್ತಾರ! 'ಇನ್ನ ನಿಮ್ಮನ್ನ ಪರೀಕ್ಷಾ ಮಾಡ್ತೇನಿ' ಅಂತ ಈಗ ಕೆಳಗ ಇವರಿಗೆ ಚಾಷ್ಟಿ ಮಾಡಿದ್ನಿ, ನಕ್ಕೋತ ಬಂದ್ರು."

"ಯಾ... ಯಾವ ಪೇಷಂಟ್ರಿ?"

ಡಾಕ್ಟರು ಒಂದು ನೋಟ್‌ಬುಕ್ ಮುಂದೆ ಸರಿಸಿದರು. ಲೋಹಿತನ ಮುದ್ದಾದ ಅಕ್ಷರ.

'ಸೋಮವಾರ, ಬೆ. 5.40. ಬಿಸಿ, ಮೂರು ನಿಮಿಷ. ಚಹಾ ಕುಡಿದ ಮೇಲೆ.
ಮಂಗಳವಾರ. ನಿದ್ದೆ ಎರಡೇ ತಾಸು.
ಬುಧವಾರ. ಅತ್ತಳು. ಕಾರಣ ಗೊತ್ತಿಲ್ಲ. ನಾನೇ ಇರಬಹುದು.'

ಕೊನೆಯ ಸಾಲು ಅವಳ ಕಣ್ಣಿಗೆ ಮಂಜಾಯಿತು.

"ಇದು ರೋಗ ಅಲ್ಲರಿ," ಡಾಕ್ಟರು ಮೆಲ್ಲಗೆ ಹೇಳಿದರು. "ಮುಟ್ಟು ಪೂರ್ತಿ ನಿಲ್ಲೂದಕ್ಕ ಮೊದಲ ಕೆಲವು ವರ್ಷ ಹಾರ್ಮೋನು ಏರತಾವ, ಇಳೀತಾವ. ಪೆರಿಮೆನೋಪಾಸ್ ಅಂತೀವಿ. ಮೈಕಾವು, ಸಿಟ್ಟು, ಅಳು, ನಿದ್ದಿ ಬರಲಾರದ್ದು, ಎಲ್ಲಾ ಅದರದ್ದ."

"ಹಂಗಾರ ನನಗ ಹುಚ್ಚು ಹಿಡದಿಲ್ಲೇನ್ರಿ?"

"ಹುಚ್ಚೇನು ಬಂತ್ರಿ! ಭಾಳ ಮಂದಿಗೆ ಹಿಂಗ ಆಗ್ತದ, ಯಾರೂ ಬಾಯಿ ಬಿಡಂಗಿಲ್ಲ. ಹತ್ತ ದಿನ ಮುಟ್ಟು ಹೋಗಿದ್ದನ್ನ ಮಾತ್ರ ನಾ ಪರೀಕ್ಷಾ ಮಾಡ್ಬೇಕು. ರಕ್ತಾನೂ ನೋಡೋಣು. ಚಹಾ ಕಡಿಮಿ ಮಾಡ್ರಿ, ದಿನಾ ಅರ್ಧ ತಾಸು ಅಡ್ಡಾಡ್ರಿ. ತಡೀಲಿಲ್ಲಂದ್ರ ಹಾರ್ಮೋನ್ ಗುಳಿಗಿ ಅವ, ಬ್ಯಾರೆ ಔಷಧಾನೂ ಅವ. ನಿಮಗ ಯಾವುದು ಹೊಂದ್ತದ ನೋಡಿ ಕೊಡ್ತೇನಿ."

ಪರೀಕ್ಷೆ ಮುಗಿಸಿ ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ನಿಂತರು.

"ನನ್ನ ಕೇಳಬೇಕಿತ್ತಲ್ರಿ? ಹಾಲಿನ್ಯಾಗ ಮಲಕೊಂಡು ಬರದ್ರ ಆತೇನು?"

"ನೀನ ದೂರ ಸರೀರಿ ಅಂದಿ..." ಲೋಹಿತ ತಲೆ ತಗ್ಗಿಸಿದ. "ಡಾಕ್ಟರ ಹತ್ರ ಹೋಗೋಣು ಅಂದ್ರ ಮತ್ತ ಅಳ್ತಿ ಅಂತ ಹೆದರಿದ್ನಿ. ನಮ್ಮ ಕೆಲಸದಾಗ ಕಲಿಸಿದ್ದೂ ಅದ, ಯಶೋ. ಥರ್ಮಾಮೀಟರಿಗೆ ಹತ್ತಿ ನಿಲ್ಲಬಾರದು. ನಮ್ಮ ಉಸಿರಿಗೇ ಪಾದರಸ ಏರತೈತಿ, ರೀಡಿಂಗ್ ತಪ್ಪತೈತಿ. ಅದಕ್ಕ ದೂರ ನಿಂತು ನೋಡಿದ್ನಿ."

"ನಾನೇನು ನಿಮ್ಮ ಥರ್ಮಾಮೀಟರೇನ್ರಿ!"

ಸಿಟ್ಟಿಗೆ ಬ್ಯಾಗಿನಿಂದಲೇ ಅವನ ತೋಳಿಗೊಂದು ಕೊಟ್ಟಳು. ಜಿಪ್ ಬಿಚ್ಚಿಕೊಂಡು ಸೀರೆಯ ಸೆರಗು ಹೊರಬಿತ್ತು. ಲೋಹಿತನ ಮುಖ ಬಿಳುಚಿತು.

"ಹೋಗಿಬಿಡ್ತಿದ್ದೇನು, ಯಶೋ?"

"ಹೂಂ. ಅಮರಗೋಳಕ್ಕ..." ಅವಳ ದನಿ ಒಡೆಯಿತು. "ಮೂರು ತಿಂಗಳು ಹಾಲಿನ್ಯಾಗ ಮಲಕೊಂಡವ್ರು ಅಕೀ ಮುಂದ ಹಲ್ಲು ಕಿಸದ್ರ ಏನ್ ತಿಳ್ಕೋಬೇಕ್ರಿ? ಡಾಕ್ಟರ್ ಇದ್ರೂ ಅಷ್ಟ! ಇನ್ನ ಮ್ಯಾಲ ಅಕೀ ಜೋಡಿ ಅಷ್ಟು ನಗಬ್ಯಾಡ್ರಿ. ಚೀಲಾನೂ ಹಿಡೀಬ್ಯಾಡ್ರಿ!"

ಲೋಹಿತನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಅದು ಶುರುವಾಯಿತು! ಎದೆಯಿಂದ ಕೊರಳಿಗೆ, ಕೊರಳಿಂದ ಕಿವಿಗೆ ಬಿಸಿ ಏರಿತು. ಅವಳು ಗೋಡೆ ಹಿಡಿದಳು. ಲೋಹಿತ ರೂಢಿಯಂತೆ ಎರಡು ಮೆಟ್ಟಿಲು ಹಿಂದೆ ಸರಿದು, ಗಡಿಯಾರ ನೋಡಿ, ಕಿಸೆಯಿಂದ ಪೆನ್ನು ತೆಗೆದ.

ಯಶೋಧರೆ ಕೈ ಚಾಚಿ ಪೆನ್ನು ಕಸಿದುಕೊಂಡಳು.

"ಬರೀಬ್ಯಾಡ್ರಿ. ಹತ್ರ ಬರ್ರಿ."

"ಉಸಿರು ತಾಗತೈತಿ, ಯಶೋ..."

"ತಾಗಲಿ."

ಅವನು ಬಂದ. ಮುಟ್ಟಲು ಇನ್ನೂ ಅಂಜಿಕೆ. ಅವಳ ಬೆವೆತ ಕೊರಳಿನ ಮೇಲೆ ಮೆಲ್ಲಗೆ ಉಫ್ ಎಂದು ಗಾಳಿ ಊದಿದ. ಅವಳೇ ಅವನ ಕೈ ಎಳೆದು ತನ್ನ ಭುಜದ ಮೇಲಿಟ್ಟುಕೊಂಡಳು. ಬಿಸಿ ಇಳಿಯಿತು, ಕೈ ಅಲ್ಲೇ ಇತ್ತು.

"ಎಷ್ಟ ನಿಮಿಷ ಆತ್ರಿ?" ಅವನ ಎದೆಗೆ ಹಣೆ ಒತ್ತಿ ಕೇಳಿದಳು.

"ಗೊತ್ತಿಲ್ಲ," ಎಂದ ಲೋಹಿತ. "ನೋಡಲಿಲ್ಲ."